ಬಿರುಕಿನ ಮೇಲಿನ ಹಾಳೆ

ರೀ,

ಬೀಗ ತೆಗೆಯುವ ಮೊದಲು ಇದನ್ನು ಓದಿ. ಮಗಳೂ ನಾನೂ ಅಕ್ಕನ ಮನೆಗೆ ಹೋಗುತ್ತಿದ್ದೇವೆ. ನಿಮ್ಮ ನಾಳೆಯ ಬಟ್ಟೆ ನನ್ನ ಚೀಲದಲ್ಲಿದೆ, ಊಟವೂ ಅಕ್ಕನ ಮನೆಯಲ್ಲೇ.

ಮನೆಸಾಲ ಬೇಗ ತೀರಿಸಲೆಂದು ತಿಂಗಳಿಗೊಂದು ಚೌಕಕ್ಕೆ ಬಣ್ಣ ತುಂಬುವ ಹಾಳೆ ಇದೆಯಲ್ಲ, ಬಿರುಕು ಕಾಣದಿರಲೆಂದು ನೀವು ಮಲಗುವ ಕೋಣೆಯ ಗೋಡೆಗೆ ಅಂಟಿಸಿದ್ದು, ಅದು ಇವತ್ತು ಮೇಲಿಂದ ಕೆಳಗೆ ಹರಿದಿದೆ. ಮಗಳನ್ನು ಬೈಯಬೇಡಿ, ಅವಳ ಕೈ ಅಲ್ಲಿಗೆ ಎಟುಕುವುದಿಲ್ಲ.

"ಬಿರುಕಿನ ಮೇಲೆ ಕಾಗದ ಅಂಟಿಸಿ ನೋಡಮ್ಮ, ಹರಿದರೆ ಗೋಡೆ ಕದಲ್ತಿದೆ ಅಂತ ತಿಳ್ಕೋ" ಎಂದಿದ್ದರು ಮೇಸ್ತ್ರಿ. ನಿಮಗೆ ಹೇಳಿದರೆ, "ಅವನಿಗೆ ಹೊಟ್ಟೆಪಾಡು, ನೀನೊಬ್ಬಳು ಪುಕ್ಕಲಿ. ಸಾಲ ತೀರಲಿ, ಆಮೇಲೆ ರಿಪೇರಿ" ಎಂದು ನಕ್ಕಿರಿ. ನಾನೂ ಸುಮ್ಮನಾದೆ. ತಪ್ಪಾಯಿತು.

ಮಧ್ಯಾಹ್ನದಿಂದ ಆ ಕೋಣೆಯ ಬಾಗಿಲು ಮುಚ್ಚಲು ಬರುತ್ತಿಲ್ಲ. ಮಗಳ ದಿಂಬಿನ ಮೇಲೆ ಗಾರೆ ಉದುರಿತ್ತು. ಈ ತಿಂಗಳು ಹೆಚ್ಚಿಗೆ ಕಟ್ಟಲು ಎತ್ತಿಟ್ಟ ಹಣವನ್ನು ಮೇಸ್ತ್ರಿಗೆ ಕೊಡುತ್ತೇನೆ, ಬೆಳಿಗ್ಗೆ ಬರುತ್ತಾರೆ. ಕೋಪ ಬಂದರೆ ಅಕ್ಕನ ಮನೆಗೇ ಬಂದು ಬೈಯಿರಿ.

ಒಳಗೆ ಮಾತ್ರ ಹೋಗಬೇಡಿ. ಯಾರೋ ಮಂಚ ಎಳೆದ ಹಾಗೆ ಸದ್ದಾದರೆ, ನಾನು ಒಳಗಿದ್ದೇನೆ ಅಂದುಕೊಳ್ಳಬೇಡಿ. ಬೀಗ ಹಾಕಿದ ಮೇಲೆ ನನಗೂ ಅದು ಕೇಳಿಸಿತು.