ಹದಿನೇಳನೇ ಸಾಲಿನ ಎರಡು ಕುರ್ಚಿ

ಟೊಲೆಡೊ
ಫೆಬ್ರುವರಿ 6, ಮಂಗಳವಾರ

ಹಟಮಾರಿ ಎಲ್ಮರ್‌ಗೆ,

ವಂದನೆ, ಕುಶಲ ಎಲ್ಲ ಆಮೇಲೆ. ಮೊದಲು ಜಗಳ.

ನೀನು ನಿನ್ನ ಕುರ್ಚಿ ಬಿಟ್ಟುಕೊಡುತ್ತೀಯಂತೆ. ನಿನ್ನೆ ಮಗಳು ಮಾರ್ಗಿಟ್ ಫೋನ್ ಮಾಡಿ ಹೇಳಿದಳು. ಹದಿನೇಳನೇ ಸಾಲು, ಒಂಬತ್ತನೇ ಕುರ್ಚಿ, ಮೂವತ್ತೊಂದು ವರ್ಷದಿಂದ ನಿನ್ನದು. ಮುಂದಿನ ವರ್ಷದ ಫುಟ್‌ಬಾಲ್ ಆಟಗಳಿಗೆ ಬೇಕೋ ಬೇಡವೋ ಅಂತ ಕ್ರೀಡಾಂಗಣದ ಕಚೇರಿಗೆ ಹದಿನಾರನೇ ತಾರೀಕಿನೊಳಗೆ ತಿಳಿಸಬೇಕು. ನೀನು ಬೇಡ ಅಂತ ಬರೆದು ಲಕೋಟೆ ಅಂಟಿಸಿ ಇಟ್ಟಿದ್ದೀಯಂತೆ. ಯಾಕಪ್ಪಾ ಅಂತ ಅವಳು ಕೇಳಿದರೆ "ನಿಮ್ಮಮ್ಮನ ಬಾಯಿ ಕಣೇ, ಆಟ ಪೂರ್ತಿ ವಟವಟ ಅಂತಾಳೆ, ಸಾಕಾಗಿದೆ" ಅಂದೆಯಂತೆ. ಒಮ್ಮೆ ಬಿಟ್ಟರೆ ಮತ್ತೆ ಸಿಗುವ ಕುರ್ಚಿಯಲ್ಲ ಅದು. ಕಾಯುತ್ತಿರುವವರ ಪಟ್ಟಿ ಹನ್ನೆರಡು ವರ್ಷದಷ್ಟು ಉದ್ದ ಇದೆ, ನಿನಗೆ ಈಗ ಎಪ್ಪತ್ತೊಂದು.

ಆ ಲಕೋಟೆಯನ್ನು ಅಂಚೆ ಡಬ್ಬಿಗೆ ಹಾಕಬೇಡ ಅಂತ ಕೇಳಿಕೊಳ್ಳುವುದಕ್ಕೇ ಈ ಕಾಗದ. ವಿಚ್ಛೇದನ ಆದಮೇಲೆ ಹನ್ನೊಂದು ವರ್ಷದಲ್ಲಿ ನಾನು ನಿನ್ನನ್ನು ಏನೂ ಕೇಳಿದವಳಲ್ಲ. ಮನೆ ನಿನಗೆ, ಕಾರು ನನಗೆ, ನಾಯಿ ಮಾರ್ಗಿಟ್‌ಗೆ ಅಂತ ಅವತ್ತು ಎಲ್ಲ ಅರ್ಧ ಗಂಟೆಯಲ್ಲಿ ಮುಗಿದಿತ್ತು. ಕುರ್ಚಿಯ ಮಾತು ಬಂದಾಗ ಮಾತ್ರ ಇಬ್ಬರೂ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಕೊನೆಗೆ ನ್ಯಾಯಾಧೀಶೆ ಕನ್ನಡಕ ತೆಗೆದು ನಕ್ಕು, "ಹಾಗಾದ್ರೆ ಒಬ್ಬೊಬ್ರಿಗೆ ಒಂದೊಂದು. ಪಕ್ಕಪಕ್ಕದಲ್ಲೇ ಕೂತ್ಕೊಂಡು ಅನುಭವಿಸಿ" ಅಂದರಲ್ಲ! ಅನುಭವಿಸಿದೆವು. ಹಿಮದಲ್ಲಿ, ಮಳೆಯಲ್ಲಿ, ಸೋಲಿನ ಮೇಲೆ ಸೋಲಿನಲ್ಲಿ.

ಇನ್ನು ಜನವರಿ ಏಳರ ಆ ದರಿದ್ರ ಆಟದ ವಿಷಯ. ನೀನು ಮೂರನೇ ಭಾಗದಲ್ಲೇ ಎದ್ದು ಹೋದೆ. ನನಗೆ ಗೊತ್ತಿರುವ ಹಾಗೆ ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು. ನೀನು ಇದ್ದಷ್ಟು ಹೊತ್ತು ನಡೆದದ್ದನ್ನು ಆಟ ಅನ್ನುವುದಕ್ಕೂ ನಾಚಿಕೆಯಾಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹಿಂದಕ್ಕೆ ಕೊಟ್ಟ ಚೆಂಡು ಹಿಡಿಯಬೇಕಾದವನ ತಲೆಯ ಮೇಲೆ ಹಾರಿ ಹೋಯಿತು. ನಮ್ಮವನೇ ಒದ್ದ ಚೆಂಡು ನಮ್ಮವನದೇ ಕುಂಡೆಗೆ ಬಡಿಯಿತು. ಹನ್ನೊಂದು ಜನ ಇರಬೇಕಾದಲ್ಲಿ ಹನ್ನೆರಡು ಜನ ನಿಂತಿದ್ದಕ್ಕೆ ಎರಡು ಸಲ ದಂಡ ಬಿತ್ತು. ಎರಡು ಸಲ!

ನಮ್ಮ ಹಿಂದಿನ ಸಾಲಿನ ಡ್ವೇನ್‌ಗೆ ಮಾತ್ರ ಹಬ್ಬ. ಕೊಳಾಯಿ ರಿಪೇರಿಯವನಾದರೂ ಅವನಿಗೆ ತಂಡದ ಮಾಲೀಕನಿಗಿಂತ ಹೆಚ್ಚು ಚಿಂತೆ. "ದೇವ್ರೇ, ಇವತ್ತೊಂದಿನ ಸೋತ್ಬಿಡ್ರೋ! ಸೋತ್ರೆ ಕೊನೇ ಸ್ಥಾನ ನಮ್ದು, ಕೊನೇಲಿರೋರಿಗೇ ಏಪ್ರಿಲ್ ಡ್ರಾಫ್ಟ್‌ನಲ್ಲಿ ಕಾಲೇಜ್ ಹುಡುಗ್ರನ್ನ ಆರಿಸ್ಕೊಳ್ಳೋ ಮೊದಲ್ನೇ ಸರದಿ. ಆ ಚಿನ್ನದ ಕೂದಲಿನ ಕ್ವಾರ್ಟರ್‌ಬ್ಯಾಕ್ ನಮ್ಗೇ!" ಅಂತ ಕಿರುಚಿದ.

ನೀನು ತಿರುಗಿ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಲೋ ಡ್ವೇನ್, ಎಸೆಯೋನನ್ನ ತಂದು ಏನ್ ಮಾಡ್ತೀಯ? ಅವನ ಮುಂದೆ ನಿಂತು ಕಾಯೋ ಗಂಡಸ್ರೇ ಇಲ್ವಲ್ಲ. ಬಾಗ್ಲಿಲ್ಲದ ಮನೆಗೆ ಬೆಳ್ಳಿ ಬೀಗ ತಂದ ಹಾಗಾಯ್ತು" ಅಂದೆ. ಇಂಡಿಯಾನಾದ ಪುಟ್ಟ ಕಾಲೇಜಿನ ಆ ಟೋಬಿ ರಪ್‌ನ ಹೆಸರು ಹೇಳಿದೆ. ಹಾಲಿನ ಡೇರಿಯವರ ಮಗ, ಸಾಲಿನಲ್ಲಿ ನಿಂತು ಎದುರಾಳಿಯನ್ನು ತಡೆಯುವವನು. ನಮ್ಮ ಪಕ್ಕದ ಓಡಮ್ ಮೇಷ್ಟ್ರಮ್ಮ ಫ್ಲಾಸ್ಕಿನ ಸೂಪು ಹಂಚುತ್ತಾ ನಿನ್ನ ಕಡೆ ನಿಂತರು. "ಸೋಲೋದನ್ನ ಅಭ್ಯಾಸ ಮಾಡಿಸ್ದೋರು ಗೆಲ್ಲೋದನ್ನ ಮರೀತಾರೆ ಕಣಪ್ಪ ಡ್ವೇನ್. ನಲವತ್ತು ವರ್ಷ ಮಕ್ಕಳನ್ನ ನೋಡಿದೀನಿ" ಅಂದರು.

ಡ್ವೇನ್ ಬಿಡುತ್ತಾನೆಯೇ? "ಎರಡು ವರ್ಷದ ಹಿಂದೆ ಇದೇ ಕಾಯೋ ಕೆಲ್ಸಕ್ಕೆ ಅರವತ್ತಾರನೇ ನಂಬರ್ ಅಂಗಿಯೋನ್ನ ತನ್ನಿ ತನ್ನಿ ಅಂತ ಕುಣಿದೋರೂ ನೀವೇ ಅಲ್ವಾ ಯಜಮಾನ್ರೇ? ನೋಡಿ, ನಿಮ್ಮ ಮುದ್ದಿನ ಮಗ ಬೆಳಗಿಂದ ಮಲಗೇ ಇದಾನೆ" ಅಂದ. ನೀನು ಎದೆ ಉಬ್ಬಿಸಿ, "ಈಗ ತಾನೇ ಮೂರು ಸಲ ಬಂಡೆ ಥರ ನಿಂತ್ನಲ್ಲೋ!" ಅಂದೆ. "ಹೆತ್ತೋರಿಗೆ ಹೆಗ್ಗಣ ಮುದ್ದು" ಅಂತ ಅವನು ದೊಡ್ಡ ಪರದೆ ತೋರಿಸಿದ. ಅರವತ್ತಾರು ಅಂಗಾತ ಬಿದ್ದಿದ್ದನ್ನೇ ಅಲ್ಲಿ ನಿಧಾನವಾಗಿ ಮತ್ತೆ ಮತ್ತೆ ತೋರಿಸುತ್ತಿದ್ದರು. ಸಾಲಿಗೆ ಸಾಲೇ ನಕ್ಕಿತು. "ಕಣ್ಣಿಗೇನ್ ಸುಣ್ಣ ಬಿದ್ದಿದ್ಯಾ ಯಜಮಾನ್ರೇ?" ಅಂದ ಡ್ವೇನ್. ತಮಾಷೆಗೆ ಅಂದ, ಪಾಪ.

ನೀನು ಪರದೆಯ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದೆ. ನಾನು ಕೈಗವಸು ನೋಡುತ್ತಾ ಕೂತೆ. ನೀನು ಕಂಬಳಿ ಮಡಚಿಕೊಂಡು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಎಣಿಸುತ್ತಾ ಹತ್ತಿ ಹೋದೆ.

ನನ್ನ ಬೇಕರಿಯಲ್ಲಿ ಕೇಕಿನ ಡಬ್ಬಿಗೆ ಹಾಸುವ ಕಾಗದದ ಮೇಲೆ, ದಪ್ಪ ಮಾರ್ಕರ್ ಪೆನ್ನಿನಿಂದ, ಹಾಳೆಗೆ ಆರೇ ಸಾಲು ಯಾಕೆ ಬರೆಯುತ್ತಿದ್ದಾಳೆ ಇವಳು ಅಂತ ನಿನಗೆ ಇಷ್ಟು ಹೊತ್ತಿಗೆ ಅರ್ಥವಾಗಿರಬೇಕು. ಹೌದು ಎಲ್ಮರ್, ನನಗೆ ಗೊತ್ತು. ಸೆಪ್ಟೆಂಬರಿನಿಂದ ಗೊತ್ತು. ಮೊದಲ ಆಟದಲ್ಲಿ ನೀನು ಸಾಸಿವೆಯನ್ನು ಸಾಸೇಜಿನ ಬದಲು ಹೆಬ್ಬೆರಳಿಗೆ ಸುರಿದುಕೊಂಡೆ. ಎರಡನೇ ಆಟದಲ್ಲಿ, ಕೋಳಿ ಕಾಳು ನೋಡುವ ಹಾಗೆ, ಕತ್ತು ಓರೆ ಮಾಡಿ ಅಂಕಪಟ್ಟಿ ನೋಡಿದೆ. ನನ್ನ ಅಮ್ಮನಿಗೂ ಹೀಗೇ ನಡುವಿನ ನೋಟ ಹೋಗಿ ಅಂಚು ಮಾತ್ರ ಉಳಿದಿತ್ತು. ಮೂವತ್ತನಾಲ್ಕು ವರ್ಷ ಗಾಜಿನ ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಗುಳ್ಳೆಯನ್ನೂ ಹಿಡಿದು ಪಕ್ಕಕ್ಕಿಟ್ಟ ಕಣ್ಣು ನಿನ್ನದು. ಅದು ಹೀಗಾದದ್ದನ್ನು ನೀನಾಗಿ ಹೇಳುವವನಲ್ಲ. ಕೇಳಿದರೆ ಸಾಯುತ್ತೀಯ. ಅದಕ್ಕೇ ನಾನು ಬೈಯಲು ಶುರು ಮಾಡಿದೆ.

ವಟವಟ ಅಂದೆಯಲ್ಲ, ಅದು ಇದೇ. "ಥೂ, ಮೂವತ್ತೆರಡು ಎಡಗಡೆಗೆ ಓಡಿ ನಾಲ್ಕೇ ಗಜಕ್ಕೆ ಬಿದ್ದ ಮುಂಡೇದು" ಅಂತ ಬೈದರೆ ನಿನಗೆ ಯಾರು, ಎಲ್ಲಿ, ಎಷ್ಟು ಅಂತ ತಿಳಿಯುತ್ತಿತ್ತು. ನೀನು ಕೇಳಬೇಕಾಗಿಯೂ ಇರಲಿಲ್ಲ, ನಾನು ಹೇಳಿದ ಹಾಗೂ ಆಗುತ್ತಿರಲಿಲ್ಲ. ನೀನು "ಸುಮ್ನಿರೇ ಮಾರಾಯ್ತಿ" ಅನ್ನುತ್ತಿದ್ದೆ, ಆದರೆ ಕಿವಿ ನನ್ನ ಕಡೆಗೇ ಇತ್ತು. ಚೆನ್ನಾಗಿಯೇ ನಡೆದಿತ್ತು.

ಕೆಡಿಸಿದ್ದು ನಾನೇ. ಅರವತ್ತಾರು ಬೀಳುವುದನ್ನು ನೋಡಿ ನೋಡಿ ನನಗೆ ನಿನ್ನ ಮೇಲೆ ಕರುಣೆ ಬಂತು. ಅವನನ್ನು ತಂಡ ಆರಿಸಿದ ದಿನ ನೀನು ಇಡೀ ಸಾಲಿಗೆ ನನ್ನ ಬೇಕರಿಯಿಂದಲೇ ವಾಲ್‌ನಟ್ ರೋಲ್ ತರಿಸಿ ಹಂಚಿದ್ದೆಯಲ್ಲ, ಅದು ನೆನಪಾಯಿತು. "ನಿಂತ! ಬಂಡೆ ಥರ ನಿಂತಿದಾನೆ!" ಅಂತ ಸುಳ್ಳು ಹೇಳಿದೆ. ಮೂರು ಸಲ. ನೀನು ನನ್ನ ಮಾತು ನಂಬಿ ಹತ್ತು ಜನರೆದುರು ವಾದ ಮಾಡಿದೆ. ನಗೆಪಾಟಲಾದದ್ದು ನಿನ್ನ ಕಣ್ಣಿನಿಂದಲ್ಲ ಎಲ್ಮರ್, ನನ್ನ ನಾಲಿಗೆಯಿಂದ. ಆಗಲೇ ಎದ್ದು "ನಾನೇ ತಪ್ಪು ಹೇಳ್ದೆ" ಅನ್ನಬಹುದಿತ್ತು. ಅಂದರೆ ನಿನ್ನ ಗುಟ್ಟು ರಟ್ಟಾಗುತ್ತದೆ ಅಂತ ಹೆದರಿದೆ. ತಪ್ಪಾಯಿತು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ನಿನಗೆ ಹೇಳದ ಮಾತು ಇದು, ದಪ್ಪ ಅಕ್ಷರದಲ್ಲೇ ಓದಿಕೋ: ತಪ್ಪಾಯಿತು.

ಈಗ ನಿಜ ಕೇಳು. ಅರವತ್ತಾರು ಅವತ್ತು ಒಂಬತ್ತು ಸಲ ಬಿದ್ದ. ಅವನು ಬಂಡೆಯಲ್ಲ, ಬೆಣ್ಣೆ. ಅವನ ವಿಷಯದಲ್ಲಿ ನಿನ್ನ ಲೆಕ್ಕ ತಪ್ಪಿತ್ತು. ನೀನು ಹೋದಮೇಲೂ ನಮ್ಮವರು ಸೋಲಲು ಹೆಣಗಾಡಿದರು, ಅದೂ ಬರಲಿಲ್ಲ. ಕೊನೆಯ ಕ್ಷಣದಲ್ಲಿ ಎದುರಾಳಿಯ ಒದೆ ಕಂಬಕ್ಕೆ ಬಡಿದು ಹೊರಗೆ ಹೋಯಿತು, ನಾವು ಒಂದೇ ಅಂಕದಿಂದ ಗೆದ್ದೆವು. ಗೆದ್ದದ್ದಕ್ಕೆ ಇಡೀ ಕ್ರೀಡಾಂಗಣ ತಲೆಯ ಮೇಲೆ ಕೈ ಹೊತ್ತು ಕೂತಿತು! ಮೊದಲ ಸರದಿ ಹೋಯಿತು, ಚಿನ್ನದ ಕೂದಲೂ ಹೋಯಿತು. ಡ್ವೇನ್ ಟೋಪಿ ತೆಗೆದು ಅದರ ಮೇಲೇ ಕೂತ.

ಟೋಬಿ ರಪ್ ವಿಷಯದಲ್ಲಿ ಮಾತ್ರ ನಿನಗೆ ಅಡ್ಡಬೀಳುತ್ತೇನೆ. ನವೆಂಬರಿನಲ್ಲಿ ಆ ಕಾಲೇಜಿನ ಮೈದಾನಕ್ಕೆ ಹೋಗಿ, ಹಗ್ಗದ ಪಕ್ಕದಲ್ಲೇ ನಿಂತು ಬಂದು, "ಆ ಹುಡುಗನ ಹೆಜ್ಜೆ ಸದ್ದೇ ಮಾಡಲ್ಲ" ಅಂದಿದ್ದೆ. ಮುದುಕನಿಗೆ ಅರಳುಮರಳು ಅಂತ ನಾವೆಲ್ಲ ನಕ್ಕಿದ್ದೆವು. ಮೊನ್ನೆ ಮಾರ್ಗಿಟ್‌ಳ ಫೋನಿನಲ್ಲಿ ಅವನ ಅಭ್ಯಾಸದ ವಿಡಿಯೊ ಹಾಕಿಸಿಕೊಂಡು, ಸದ್ದು ಜೋರು ಮಾಡಿ, ಕಣ್ಣು ಮುಚ್ಚಿ ಕೂತೆ. ಉಳಿದವರ ಬೂಟು ಪಟಪಟ ಅಂತ ಹಿಂದೆ ಹಿಂದೆ ಸರಿಯುವುದು ಕೇಳಿಸಿತು. ಅವನ ಸರದಿಗೆ ಒಂದೇ ಒಂದು 'ಧಪ್', ಆಮೇಲೆ ನಿಶ್ಶಬ್ದ. ಕಣ್ಣು ಬಿಟ್ಟರೆ ಎದುರಿನವನು ನೆಲದ ಮೇಲೆ. ಅವನು ಹಿಂದೆ ಹೆಜ್ಜೆ ಇಡುವುದೇ ಇಲ್ಲ ಕಣೋ! ಇದನ್ನು ಕಣ್ಣಿದ್ದ ನಾವು ಯಾರೂ ಕಾಣಲಿಲ್ಲ, ನೀನು ಕೇಳಿಸಿಕೊಂಡೆ.

ಡ್ವೇನ್ ಶನಿವಾರ ಬ್ರೆಡ್ಡಿಗೆ ಬಂದಿದ್ದ. ಕಾಲೇಜು ಹುಡುಗರ ಪ್ರದರ್ಶನ ಪಂದ್ಯದಲ್ಲಿ ರಪ್‌ನನ್ನು ನೋಡಿದನಂತೆ. "ವಿಲ್ಮಕ್ಕ, ಯಜಮಾನ್ರು ಇವನನ್ನ ಎಲ್ಲಿಂದ ಹುಡುಕಿದ್ರು? ಅವತ್ತು ನಾನು ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ, ಮುಖ ತೋರ್ಸೋಕೆ ಆಗ್ತಿಲ್ಲ" ಅಂದ. ನಿನ್ನ ಕಣ್ಣಿನ ವಿಷಯ ಅವನಿಗೆ ನಾನು ಹೇಳಿಲ್ಲ. ಹೇಳುವುದು ಬಿಡುವುದು ನಿನ್ನದು. ಏಪ್ರಿಲ್‌ನಲ್ಲಿ ಎಲ್ಲರೂ ಓಡಮ್ ಮೇಷ್ಟ್ರಮ್ಮನ ಮನೆಯಲ್ಲಿ ಡ್ರಾಫ್ಟ್ ನೋಡುತ್ತೇವೆ. ನಮ್ಮ ಸರದಿ ಈಗ ಐದನೆಯದು. ರಪ್‌ನ ಹೆಸರು ಕೂಗಿದರೆ ನೀನು ಅಲ್ಲಿರಬೇಕು. ಕೂಗದಿದ್ದರೆ ಬೈಯುವುದಕ್ಕಾದರೂ ಇರಬೇಕು.

ನಾನು ಮಾತು ಕೊಡುತ್ತೇನೆ: ಇನ್ನು ಮುಂದೆ ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ನಿನ್ನ ಮುದ್ದಿನವನು ಬಿದ್ದರೆ ಬಿದ್ದ ಅಂತಲೇ. ಬೈಯುವುದನ್ನು ಮಾತ್ರ ಬಿಡಲಾರೆ, ಅದು ರೂಢಿಯಾಗಿಬಿಟ್ಟಿದೆ. ನನ್ನ ಕುರ್ಚಿಯ ಅರ್ಜಿಗೂ ಇನ್ನೂ ಸಹಿ ಹಾಕಿಲ್ಲ. ನೀನು ಆ ಲಕೋಟೆ ಹರಿದರೆ ಎರಡಕ್ಕೂ ಸಹಿ, ಇಲ್ಲದಿದ್ದರೆ ಎರಡೂ ಬೇಡ. ಪಕ್ಕದಲ್ಲಿ ಯಾವನೋ ಗುರುತಿಲ್ಲದವನನ್ನು ಕೂರಿಸಿಕೊಂಡು ಯಾರಿಗೆ ಹೇಳಲಿ ನಾನು?

ಮಂಡಿಗೆ ಎಣ್ಣೆ ಹಚ್ಚಿಕೋ. ಹಿಮದಲ್ಲಿ ಒಬ್ಬನೇ ಓಡಾಡಬೇಡ.

ನಿನ್ನ ಎಡಗಡೆ ಕೂರುವ ಬಾಯಿಬಡುಕಿ,
ವಿಲ್ಮಾ

ತಾ.ಕ.: ಇದನ್ನು ಹೇಳಬಾರದು ಅಂತಲೇ ಇದ್ದೆ. ವಿಚ್ಛೇದನವಾದ ವಾರವೇ ಕ್ರೀಡಾಂಗಣದ ಕಚೇರಿಯ ಹೆಂಗಸು ನನ್ನನ್ನು ಕರೆಸಿದ್ದಳು. "ಪಾಪ, ಅವರ ಪಕ್ಕ ಹೇಗೆ ಕೂರ್ತೀರಿ? ಮೈದಾನದ ಮಧ್ಯಕ್ಕೆ ಎದುರಾಗಿ ಒಂದು ಕುರ್ಚಿ ಖಾಲಿಯಿದೆ, ಮೇಲೆ ಸೂರೂ ಇದೆ, ಅದೇ ಬೆಲೆಗೆ ಬದಲಾಯಿಸಿ ಕೊಡ್ತೀನಿ" ಅಂದಳು. ಬೇಡ ಅಂದೆ. ಆಮೇಲೂ ಎರಡು ವರ್ಷ ಕೇಳುತ್ತಲೇ ಇದ್ದಳು. ನನಗೆ ಸೂರು ಬೇಕಿರಲಿಲ್ಲ ಎಲ್ಮರ್.