ಬೊಡ್ಡೆಗೆ ಎರಡೇ ಚಿಗುರು

ಸುರಪುರದ ಫಾರೆಸ್ಟ್ ಗಾರ್ಡ್ ಶೇಖಮ್ಮನಿಗೆ ಸ್ವಂತ ಕಾಕಾ ಮೌನಪ್ಪ ಮಾಡುವ ಆಶೀರ್ವಾದ.

ನಾವೆಲ್ಲ ಕ್ಷೇಮ. ಮೊನ್ನೆ ನೀನು ನಮ್ಮೂರ ಗುಡ್ಡಕ್ಕೆ ಬಂದು ಎಲ್ಲರೆದುರು ಮರಿಲಿಂಗನ ಬೇವುಗಳನ್ನು ಹೊಗಳಿ ಹೋದ ಮೇಲೆ ನನಗೆ ಊಟ ಸೇರುತ್ತಿಲ್ಲ, ಅಷ್ಟೇ.

ಕಡಿದ ಬೇವಿನ ಬೊಡ್ಡೆಗಳನ್ನು ಅರಣ್ಯ ಸಮಿತಿ ನನಗೂ ಮರಿಲಿಂಗನಿಗೂ ಸರಿಪಾಲು ಮಾಡಿ ವಹಿಸಿತ್ತು. ನನ್ನವನ್ನು ನೋಡಿದೆಯಲ್ಲ? ಒಂದೊಂದಕ್ಕೂ ಹತ್ತು ಹನ್ನೆರಡು ಚಿಗುರು, ತಲೆಗೂದಲಿನಂತೆ ದಟ್ಟ. ಹುಣಸಗಿ ಬಸ್ಸಿನವರು ಕಿಟಕಿಯಿಂದ ಇಣುಕಿ ನೋಡುತ್ತಾರೆ! ಮರಿಲಿಂಗ ಎರಡೆರಡೇ ಬಿಟ್ಟು ಉಳಿದದ್ದೆಲ್ಲ ಸವರುವಾಗ, "ಏನೋ, ಗುಡ್ಡದ ಜವಳ ತೆಗ್ಯಾಕತ್ತಿ ಏನು?" ಎಂದು ನಾನೇ ಗೇಲಿ ಮಾಡಿದ್ದೆ.

ನೀನೋ ಅವನ ಬೇವನ್ನು ತಬ್ಬಿ ನಿಂತು, "ಈ ಒಣ ನೆಲದಾಗಿನ ನೀರು ಎರಡಕ್ಕಷ್ಟ ಸಾಕಾಗ್ತದ್ರಿ. ಮರಿಲಿಂಗ ಕಾಕಾನಂಗ ಮಾಡಿದ್ರ ಮನೀ ಜಂತಿಗಾಗೋ ಮರ ಸಿಗ್ತಾವ" ಎಂದೆ. ನನ್ನ ಕಡೆ ತಿರುಗಿ, "ಹಿರಿಯರ, ನಿಮ್ಮವು ಬಾರಕೋಲಿಗಿಂತ ದಪ್ಪ ಆಗಂಗಿಲ್ರಿ" ಎಂದೆ. ಅವನು ಕಾಕಾ, ನಾನು ಹಿರಿಯರು! ನಿನ್ನನ್ನು ಹೆಗಲ ಮೇಲೆ ಹೊತ್ತು ಇದೇ ಗುಡ್ಡ ಹತ್ತಿಸಿದವನು ಅವನೇನು?

ಇರಲಿ. ನಾನೂ ಸವರುತ್ತೇನೆ. ಇಲ್ಲದಿದ್ದರೆ ಸಮಿತಿ ನನ್ನ ಪಾಲನ್ನೂ ಅವನಿಗೇ ಒಪ್ಪಿಸುತ್ತದಂತೆ. ಕುಡಗೋಲು ಮಸೆದಿಟ್ಟಿದ್ದೇನೆ. ಆದರೆ ಯಾವ ಎರಡನ್ನು ಉಳಿಸಬೇಕೋ ತಿಳಿಯುತ್ತಿಲ್ಲ, ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಸೋಮವಾರ ನೀನೇ ಬಂದು ತೋರಿಸು. ಪುರುಸೊತ್ತಿಲ್ಲವೆಂದು ಆ ಕೆಲಸ ಮರಿಲಿಂಗನಿಗೆ ಹೇಳಿಬಿಡಬೇಡ. ನಿನ್ನೆ ತೋರಿಸಿಕೊಡಲು ಅವನಾಗಿಯೇ ಬಾಗಿಲಿಗೆ ಬಂದು ಕರೆದ. "ಮೌನಪ್ಪ ಮನ್ಯಾಗಿಲ್ಲ" ಎಂದು ನಾನೇ ಒಳಗಿನಿಂದ ಕೂಗಿ ಹೇಳಿ ಕಳಿಸಿದೆ.

ನಿನ್ನ ಅಪ್ಪನ ಖಾಸಾ ತಮ್ಮ,
ಮೌನಪ್ಪ