ಬೂಟಿನ ದಾರ

ಥರ್ಲೋ,

ನಮ್ಮ ಜಗಳಕ್ಕೆ ಬಿದ್ದ ಖರ್ಚನ್ನು ಕೂಡಿಸಿ ನೋಡಿದೆ: ಹನ್ನೊಂದು ವರ್ಷ, ಐನೂರ ಎಪ್ಪತ್ತೆರಡು ಭಾನುವಾರ, ಒಬ್ಬ ಗೆಳೆಯ. ಈ ಕಾಗದಕ್ಕೆ ಅಂಚೆಚೀಟಿ ಬೇಕಿಲ್ಲ, ಅಷ್ಟೇ ಉಳಿತಾಯ.

ಸೇಂಟ್ ಬಾರ್ನಬಸ್ ಚರ್ಚಿನ ಅಡುಗೆಮನೆಯಿಂದ ಪ್ರತಿ ಗುರುವಾರ ಬಂದವರಿಗೆಲ್ಲ ಸೂಪು ಹಾಕೋಣವೆಂದು ನೀನು. ಹಾಕಿದರೆ ಮುಚ್ಚಿಹೋದ ಗಿರಣಿಯ ಜನವೆಲ್ಲ ಬಂದು ಕೂರುತ್ತಾರೆಂದು ನಾನು. ನೀನು ಗೆದ್ದೆ. ಅವರೂ ಬಂದರು. ಅಂದಿನಿಂದ, ಆರಾಧನೆಯ ನಡುವೆ ಪಾದ್ರಿಯಮ್ಮ ‘ಸಮಾಧಾನ ಹಂಚಿಕೊಳ್ಳಿ’ ಎಂದಾಗ ಎಲ್ಲರೂ ಕೈಕುಲುಕಲು ಎದ್ದರೆ, ನಾನು ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದೆ.

ನಿನ್ನನ್ನು ಮಣ್ಣು ಮಾಡಿದ ಮೇಲಿನ ಮೊದಲ ಭಾನುವಾರ ಇಂದು. ಅಭ್ಯಾಸ ನೋಡು, ಇವತ್ತೂ ಬಗ್ಗಿದೆ. ಕಣ್ಣೆದುರು ಒಂದು ಜೊತೆ ಕಪ್ಪು ಷೂ ಬಂದು ನಿಂತವು. ನಿನ್ನ ಹೆಂಡತಿ ಹೆಸ್ಟರ್.

“ಏಳಯ್ಯಾ ಮರ್ಲ್. ಬೂಟಿನಂಗಡಿ ಇಟ್ಕೊಂಡಿರೋನಿಗೆ ಒಂದು ಗಂಟು ಹಾಕೋಕೆ ಇಷ್ಟು ಹೊತ್ತಾ?”

“ಹಳೇ ದಾರ ಕಣಮ್ಮಾ, ಜಾರುತ್ತೆ.”

“ಥರ್ಲೋ ಪ್ರತಿ ವಾರ ನಿನ್ನ ಬೆಂಚಿನ ತನಕ ಬರ್ತಿದ್ದ. ನೀನು ತಲೆ ಎತ್ತಲಿ ಅಂತ ಕಾಯ್ತಿದ್ದ. ವಾಪಸ್ ಬಂದು ‘ಇನ್ನೂ ಕಟ್ತಾನೇ ಇದಾನೆ ಕಣೇ’ ಅಂತಿದ್ದ.”

ನಾನು ಎದ್ದು ಅವಳ ಕೈ ಹಿಡಿದೆ.

ಒಟ್ಟು ಲೆಕ್ಕ ಇಷ್ಟು: ಗಿರಣಿಯವರಿಗೆ ಸೂಪು ಸಿಕ್ಕಿತು. ಹೆಸ್ಟರ್‌ಗೆ ನನ್ನ ಕೈ ಸಿಕ್ಕಿತು. ನಿನಗೆ ಸಿಕ್ಕಿದ್ದು ನನ್ನ ಬೆನ್ನು. ನನಗೆ, ಗಟ್ಟಿಯಾಗಿ ಕಟ್ಟಿದ ಒಂದು ಜೊತೆ ಬೂಟು.